ಮೂವತ್ತಾರು ವೋಲ್ಟಿನ ಹಿಮಗಾಲ

ಸ್ಕೆನೆಕ್ಟಡಿ ಎಂಬ ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಆದರೂ ಹಳೆಯ ಮೈಸೂರಿನವರಿಗೆ ಆ ಊರಿನ ಋಣವಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತಲ್ಲ, ಅದಕ್ಕೆ ವಿದ್ಯುತ್ ಯಂತ್ರಗಳನ್ನು ಕಳಿಸಿದ್ದು ನ್ಯೂಯಾರ್ಕ್ ರಾಜ್ಯದ ಈ ಊರಿನಲ್ಲಿ ಬೇರುಬಿಟ್ಟಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅದೇ ಕಂಪನಿ 1969ರ ಕೊನೆಯ ಹೊತ್ತಿಗೆ ಮನೆಯಂಗಳದ ಹುಲ್ಲು ಕತ್ತರಿಸಲು ಬ್ಯಾಟರಿಯಿಂದ ಓಡುವ ಪುಟ್ಟ ಟ್ರ್ಯಾಕ್ಟರೊಂದನ್ನು ಹೊರತಂದಿತು. ಹೆಸರು ಎಲೆಕ್-ಟ್ರ್ಯಾಕ್. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಅಡಿಟಿಪ್ಪಣಿಯ ಜಾಗವೂ ಸಿಕ್ಕಿಲ್ಲವೆಂದು ನನಗೆ ಬೇಸರ.

ಆ ಸೀಮೆಯಲ್ಲಿ ಹುಲ್ಲಿನ ಕಾಲ ಮುಗಿದರೆ ಹಿಮದ ಕಾಲ. ಪಕ್ಕದ ಆಲ್ಬನಿಯಲ್ಲಿ ವರ್ಷಕ್ಕೆ ಸುಮಾರು 150 ಸೆಂಟಿಮೀಟರ್ ಹಿಮ ಬೀಳುತ್ತದೆ. 1969ರ ಕ್ರಿಸ್‌ಮಸ್ ವಾರದ ಒಂದೇ ಬಿರುಗಾಳಿಗೆ ಅಲ್ಲಿ 26 ಇಂಚಿಗೂ ಹೆಚ್ಚು ಬಿತ್ತು. ಬಿದ್ದ ಹಿಮ ಹಗುರ, ಸರಿಸಬಹುದು. ತಲೆನೋವು ಬೇರೆಯದು. ನಗರಸಭೆಯ ಲಾರಿ ರಸ್ತೆ ಬಳಿದು ಹೋಗುವಾಗ ಪ್ರತಿ ಮನೆಯ ಬಾಯಿಗೂ ಒಂದು ಒಡ್ಡು ಕಟ್ಟಿಹೋಗುತ್ತದೆ. ನೀರು, ಉಪ್ಪು, ಮಂಜುಗಡ್ಡೆ ಕಲಸಿದ ಆ ಒಡ್ಡು ಬೆಳಗಾಗುವಷ್ಟರಲ್ಲಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಸಲಿಕೆ ಹಿಡಿದು ಅದನ್ನು ಒಡೆಯಹೋಗಿ ಎದೆ ಹಿಡಿದುಕೊಂಡವರು ಪ್ರತಿ ಚಳಿಗಾಲವೂ ಇರುತ್ತಾರೆ.

ಹಿಮವನ್ನು ತಳ್ಳುವ ಬದಲು ಎತ್ತಿ ಎಸೆಯುವ ಬುದ್ಧಿಯನ್ನು ರಸ್ತೆಗೆ ತಂದವನು ಕೆನಡಾದ ಕ್ವಿಬೆಕ್ಕಿನ ಆರ್ತರ್ ಸಿಕಾರ್. ಹೊಲದಲ್ಲಿ ಒಕ್ಕಣೆ ಯಂತ್ರ ಕೆಲಸ ಮಾಡುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. 1925ರಲ್ಲಿ ಯಂತ್ರ ಸಿದ್ಧವಾಯಿತು. ಮುಂದೆ ಸುರುಳಿ ಅಲಗು ಹಿಮವನ್ನು ಕೊರೆದು ನಡುವಿಗೆ ಎಳೆಯುತ್ತದೆ, ಕೊಳವೆ ಅದನ್ನು ಪಕ್ಕಕ್ಕೆ ಉಗುಳುತ್ತದೆ. ಮನೆಯಂಗಳದ ಯಂತ್ರಗಳೂ ಇದರದೇ ಮರಿಗಳು.

ಪೆಟ್ರೋಲ್ ಟ್ರ್ಯಾಕ್ಟರಿಗೆ ಇದನ್ನು ಕಟ್ಟುವುದು ಅರ್ಧ ದಿನದ ಕೆಲಸ. ಹೊಟ್ಟೆಯಡಿಯ ಹುಲ್ಲುಗತ್ತರಿ ಬಿಚ್ಚಬೇಕು. ಎಂಜಿನ್ನಿನ ತಿರುಗಾಟವನ್ನು ಮೂತಿಯವರೆಗೆ ಒಯ್ಯಲು ಬೆಲ್ಟು, ಪುಲ್ಲಿ ಹೊಂದಿಸಬೇಕು. ಬೆಲ್ಟು ಒದ್ದೆಯಾದರೆ ಜಾರುತ್ತದೆ. ಎಲೆಕ್-ಟ್ರ್ಯಾಕ್ ಮಾಡಿದವರು ಈ ರಗಳೆಯನ್ನೇ ಕಿತ್ತುಹಾಕಿದರು. ಪ್ರತಿ ಸಲಕರಣೆಗೂ ಅದರದೇ ಮೋಟಾರು. 42 ಇಂಚಿನ ಹುಲ್ಲುಗತ್ತರಿಯ ಮೂರು ಅಲಗುಗಳಿಗೆ ಮೂರು ಮೋಟಾರು! ಹಿಮದ ಯಂತ್ರವೂ ಹಾಗೆಯೇ: ಮೂತಿಗೆ ಸಿಕ್ಕಿಸು, ಪ್ಲಗ್ ಚುಚ್ಚು, ಮುಗಿಯಿತು. ಟ್ರ್ಯಾಕ್ಟರಿನಿಂದ ಅದಕ್ಕೆ ಹೋಗುವುದು ತಂತಿ ಮಾತ್ರ.

ಇದು ಸಣ್ಣ ಜಾಣತನವಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಾರ್ಖಾನೆಗಳು ಸೂರಿನುದ್ದಕ್ಕೂ ತಿರುಗುತ್ತಿದ್ದ ಒಂದೇ ದಂಡ ಮತ್ತು ಅದರಿಂದ ಇಳಿಬಿದ್ದ ನೂರು ಬೆಲ್ಟುಗಳನ್ನು ಬಿಟ್ಟು ಯಂತ್ರಕ್ಕೊಂದು ಮೋಟಾರು ಇಟ್ಟುಕೊಂಡವು. ಹಾಗೆ ಮಾಡಿ ಎಂದು ಮೋಟಾರು ಮಾರಿದ ಕಂಪನಿಗಳಲ್ಲಿ ಇದೂ ಒಂದು. ಕಾರ್ಖಾನೆಯ ಪಾಠವನ್ನೇ ಅದು ಅಂಗಳಕ್ಕೆ ಇಳಿಸಿತು ಎಂದು ನಾನು ಓದಿಕೊಳ್ಳುತ್ತೇನೆ.

ಚಳಿ ಮಾತ್ರ ಬ್ಯಾಟರಿಯ ಶತ್ರು. ದೊಡ್ಡ ಮಾದರಿಗಳಲ್ಲಿ ಆರು ವೋಲ್ಟಿನ ಆರು ಸೀಸದ ಬ್ಯಾಟರಿಗಳು, ಒಟ್ಟು 36 ವೋಲ್ಟು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಹೋದರೆ ಅವುಗಳ ತ್ರಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಿಮ ಒದ್ದೆಯಾದಷ್ಟೂ ಮೋಟಾರು ಹೆಚ್ಚು ಕರೆಂಟು ಕುಡಿಯುತ್ತದೆ. ಬೇಕಾದಾಗಲೇ ಬಲ ಕಡಿಮೆ. ಆದರೆ ಆ ಸೀಸದ ಭಾರವೇ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿತ್ತು. ಇಂಥದೊಂದು ಟ್ರ್ಯಾಕ್ಟರನ್ನು ಇಟ್ಟುಕೊಂಡಿದ್ದ ನಿವೃತ್ತ ಎಲೆಕ್ಟ್ರಿಶಿಯನ್ ಒಬ್ಬರು ನನ್ನನ್ನು ಅದರ ಮೇಲೆ ಕೂರಿಸಿದ್ದರು. ಎಂಜಿನ್ನಿನ ಗುಡುಗಿಲ್ಲ, ಅಲಗು ಹಿಮ ಅಗಿಯುವ ಸದ್ದಷ್ಟೇ. “ಮೊದಲು ಬಾಗಿಲ ಒಡ್ಡು ಒಡೆಯಬೇಕು, ಬ್ಯಾಟರಿ ತುಂಬಿರುವಾಗಲೇ. ಅಂಗಳದ ಹಿಮ ಕಾಯುತ್ತದೆ,” ಎಂದಿದ್ದರು ಅವರು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿ, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಬ್ಯಾಟರಿ ಟ್ರ್ಯಾಕ್ಟರಿಗೆ ಸುಗ್ಗಿ ಬರಬೇಕಿತ್ತು. ಬರಲಿಲ್ಲ. ದಶಕದ ನಡುವಿನ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಈ ವ್ಯಾಪಾರದಿಂದ ಕೈ ತೊಳೆದುಕೊಂಡಿತ್ತು. ವಿನ್ಯಾಸ ವೀಲ್ ಹಾರ್ಸ್ ಎಂಬ ಟ್ರ್ಯಾಕ್ಟರ್ ಕಂಪನಿಗೆ ಹೋಗಿ, ಕೆಲವು ವರ್ಷ ಉಸಿರಾಡಿ, ನಿಂತಿತು. ದೋಷ ಯಂತ್ರದ್ದಲ್ಲ ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಕೇಂದ್ರಗಳ ಜನರೇಟರು ಮಾರುವ ಕಂಪನಿಗೆ ಹುಲ್ಲುಗತ್ತರಿಯ ಲಾಭ ಚಿಲ್ಲರೆ ಕಾಸು. ಅಂಥ ಮನೆಯಲ್ಲಿ ಇಂಥ ಕೂಸು ಬೆಳೆಯುವುದು ಕಷ್ಟ.

ಈಗ ಕ್ಯಾಲಿಫೋರ್ನಿಯಾ 2024ರಿಂದ ಇಂಥ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ಮಾದರಿಗಳಿಗೆ ಹೊಗೆಯೇ ಇರಬಾರದೆಂದು ಕಾನೂನು ಬಿಗಿ ಮಾಡಿದೆ. ಅಂಗಡಿಗಳಲ್ಲಿ ಬ್ಯಾಟರಿ ಯಂತ್ರಗಳ ಸಾಲು. ಅರ್ಧ ಶತಮಾನ ದಾಟಿದ ಎಲೆಕ್-ಟ್ರ್ಯಾಕ್‌ಗಳು ಕೆಲವು ಮನೆಗಳಲ್ಲಿ ಇನ್ನೂ ಓಡುತ್ತಿವೆ. ಬಿಚ್ಚಿ ನೋಡಿದರೆ ತಿಳಿಯುವ ಯಂತ್ರ. ಬ್ರಷ್ ಸವೆದರೆ ಬ್ರಷ್ ಹಾಕಬಹುದು. ಸೀಸದ ಬದಲು ಲಿಥಿಯಂ ಕೂರಿಸಿದವರೂ ಇದ್ದಾರೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಅದು ಕೆಡುತ್ತದೆ, ಹಾಗಾಗಿ ಗ್ಯಾರೇಜು ಬೆಚ್ಚಗಿರಬೇಕು. ಜೊತೆಗೆ ಅದು ಹಗುರ, ಹಿಂದಿನ ಚಕ್ರ ಹಿಮದಲ್ಲಿ ಸುಮ್ಮನೆ ಸುತ್ತುತ್ತದೆ. ಆ ಎಲೆಕ್ಟ್ರಿಶಿಯನ್ ಸೀಸ ತೆಗೆದ ಜಾಗದಲ್ಲಿ ಮರಳಿನ ಮೂಟೆ ಇಟ್ಟಿದ್ದರು.