ಲಾರಿ ಎಂಜಿನ್ ಟ್ಯೂನಿಂಗ್: ಮಲೆನಾಡಿನ ಘಟ್ಟದಲ್ಲಿ ಲಾಭವೆಷ್ಟು?

ಕಂಪನಿಯಿಂದ ಬಂದ ಹಾಗೇ ಓಡುತ್ತಿರುವ ಲಾರಿ ಅಥವಾ ಪಿಕಪ್‌ನಲ್ಲಿ ಎಂಜಿನ್ನಿಗೆ ಸೇರುವ ಡೀಸೆಲ್‌ನ ಪ್ರಮಾಣ, ಅದು ಒಳಗೆ ಚಿಮ್ಮುವ ಕ್ಷಣ, ಟರ್ಬೊ ತುಂಬುವ ಗಾಳಿಯ ಒತ್ತಡ ಇವನ್ನು ಬದಲಿಸಿ ಹೆಚ್ಚು ಎಳೆತ ಪಡೆಯುವುದೇ ಎಂಜಿನ್ ಟ್ಯೂನಿಂಗ್. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಆಸೆ ಹುಟ್ಟುವುದು ವೇಗಕ್ಕಾಗಿ ಅಲ್ಲ, ಏರಿಗಾಗಿ. 2015ರ ಅಕ್ಟೋಬರ್ ನಂತರ ತಯಾರಾದ ಸರಕು ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮೀರದಂತೆ ವೇಗಮಿತಿ ಸಾಧನ ಕಡ್ಡಾಯವಾಗಿರುವಾಗ ವೇಗದ ಮಾತು ಹೇಗೂ ವ್ಯರ್ಥ.

ಈ ಮೂರೂ ಊರುಗಳು ಘಟ್ಟದ ಮೇಲಿವೆ. ಸಾಗರದವರು ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೂ, ಹೊಸನಗರದವರು ಹುಲಿಕಲ್ ಘಾಟಿಯಲ್ಲಿ ಕುಂದಾಪುರದ ಕಡೆಗೂ, ತೀರ್ಥಹಳ್ಳಿಯವರು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಉಡುಪಿಗೂ ಹೋಗುತ್ತಾರೆ. ಅಡಿಕೆ, ಶುಂಠಿ, ಜಂಬಿಟ್ಟಿಗೆ, ಗೊಬ್ಬರ, ಸಿಮೆಂಟ್ ಎಲ್ಲವೂ ಈ ಭಾಗದ ರಸ್ತೆಗಳ ಮೇಲೇ ಓಡಾಡಬೇಕು. ಆಗುಂಬೆಯ ಕಿರಿದಾದ ತಿರುವುಗಳಲ್ಲಂತೂ ಮಳೆಗಾಲ ಬಂತೆಂದರೆ ಭಾರೀ ವಾಹನಗಳಿಗೆ ನಿರ್ಬಂಧ ಬೀಳುತ್ತದೆ. ಅಲ್ಲಿ ಲಾರಿಯನ್ನು ತಡೆಯುವುದು ಎಂಜಿನ್ನಿನ ಬಡತನವಲ್ಲ.

ಟ್ಯೂನಿಂಗ್ ಇಲ್ಲಿಗೆ ಹೊಸದೇನೂ ಅಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಮೈಕೊ ಕಂಪನಿಯ ಇಂಧನ ಪಂಪುಗಳು ದೇಶದ ಲಾರಿಗಳಲ್ಲಿ ತುಂಬಿದ್ದ ಕಾಲದಲ್ಲಿ, ಪಂಪಿನ ಸ್ಕ್ರೂ ತುಸು ತಿರುಗಿಸಿ ಡೀಸೆಲ್ ಹೆಚ್ಚಿಸುವ ಮೇಸ್ತ್ರಿಗಳಿದ್ದರು. ಗಾಡಿ ಏರು ಹತ್ತುತ್ತಿತ್ತು, ಹಿಂದಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲ್ಲೇ ಆ ಹೊಗೆ. ದುಡ್ಡು ಕೊಟ್ಟು ಕೊಂಡ ಇಂಧನ ಗಾಳಿಪಾಲು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಸ್ಕ್ರೂ ಇಲ್ಲ, ಇಸಿಯು ಎಂಬ ಕಂಪ್ಯೂಟರ್ ಇದೆ. ಯಾವ ವೇಗದಲ್ಲಿ, ಎಷ್ಟು ಆಕ್ಸಿಲರೇಟರ್ ಒತ್ತಿದರೆ ಎಷ್ಟು ಇಂಧನ ಎಂಬ ಕೋಷ್ಟಕಗಳು ಅದರಲ್ಲಿರುತ್ತವೆ. ಅವನ್ನು ತಿದ್ದಿ ಬರೆಯುವುದು ರೀಮ್ಯಾಪ್. ಸಂವೇದಕಕ್ಕೂ ಇಸಿಯುಗೂ ನಡುವೆ ಸುಳ್ಳು ಸಂಕೇತ ಕಳಿಸುವ ಪೆಟ್ಟಿಗೆ ಕೂರಿಸುವುದು ಅಗ್ಗದ ದಾರಿ, ಹಾಗೆಯೇ ಕೆಟ್ಟ ದಾರಿ.

ಸಿಗುವ ಲಾಭವನ್ನು ಏರಿನ ಮೇಲೇ ಅಳೆಯೋಣ. ಎರಡು ಆಕ್ಸಲ್‌ನ ಲಾರಿಗೆ 2018ರಿಂದ ಒಟ್ಟು 18.5 ಟನ್ ತೂಕದ ಮಿತಿ ಇದೆ. ಅಷ್ಟು ತೂಕವನ್ನು ನೂರಕ್ಕೆ ಎಂಟರ ಏರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಿಸಲು ಚಕ್ರಗಳಿಗೆ ಸುಮಾರು 90 ಕಿಲೊವ್ಯಾಟ್, ಅಂದರೆ 120 ಅಶ್ವಶಕ್ತಿ ತಲುಪಬೇಕು. ಟ್ಯೂನಿಂಗ್ ಶಕ್ತಿಯನ್ನು ಐದನೇ ಒಂದು ಪಾಲು ಹೆಚ್ಚಿಸಿತು ಎಂದೇ ಇಟ್ಟುಕೊಳ್ಳಿ. ವೇಗ 24 ಕಿ.ಮೀ. ಆದೀತು. ಹತ್ತು ಕಿ.ಮೀ. ಏರು ಅರ್ಧ ಗಂಟೆಯ ಬದಲು 25 ನಿಮಿಷದಲ್ಲಿ ಮುಗಿಯುತ್ತದೆ. ಅದೂ ಎದುರಿಗೆ ಬಸ್ಸು ಬಾರದೆ, ತಿರುವಿನಲ್ಲಿ ನಿಲ್ಲದೆ ಹೋದರೆ. ಐದು ನಿಮಿಷ! 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಶರಾವತಿ ಹಿನ್ನೀರಿನ ಲಾಂಚ್‌ಗಾಗಿ ಕಾಯುವುದನ್ನು ತಪ್ಪಿಸಿ, ಸಿಗಂದೂರು ಕಡೆಯ ವಾಹನಗಳಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಉಳಿಸಿದೆ. ಇಳಿಜಾರಿನಲ್ಲಿ ಬೇಕಾಗುವುದು ಬ್ರೇಕು ಮತ್ತು ಸರಿಯಾದ ಗೇರು. ಟ್ಯೂನಿಂಗ್ ಅಲ್ಲಿ ಏನೂ ಕೊಡುವುದಿಲ್ಲ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳನ್ನು ನೋಡಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಅವು ಅಶ್ವಶಕ್ತಿಯ ಬಲದಿಂದ ಹತ್ತುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ, ಲೋ ಗೇರು, ಚಾಲಕನ ಕಾಲಿನ ಹದ, ಇಷ್ಟೇ.

ಎಂಜಿನ್ ಹೆಚ್ಚು ಎಳೆದರೆ ಆ ಎಳೆತವನ್ನು ಯಾರಾದರೂ ಹೊರಬೇಕಲ್ಲ? ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್ ಹೊರುತ್ತವೆ. ಭಾರತದಲ್ಲಿ 2022ರಿಂದ ಮಾರಾಟವಾಗುತ್ತಿರುವ ಟೊಯೊಟಾ ಹೈಲಕ್ಸ್ ಪಿಕಪ್ ಇದಕ್ಕೆ ಒಳ್ಳೆಯ ಉದಾಹರಣೆ. 2.8 ಲೀಟರಿನ ಅದೇ ಎಂಜಿನ್, ಅದೇ 204 ಪಿಎಸ್ ಶಕ್ತಿ. ಆದರೆ ಆಟೊಮ್ಯಾಟಿಕ್ ಗೇರಿನ ಮಾದರಿಗೆ 500 ನ್ಯೂಟನ್ ಮೀಟರ್ ಟಾರ್ಕ್, ಮ್ಯಾನುಯಲ್ ಮಾದರಿಗೆ 420 ಮಾತ್ರ. ಎಂಜಿನ್ ಕೊಡಬಲ್ಲದ್ದನ್ನು ತಯಾರಕರೇ ತಡೆಹಿಡಿದಿದ್ದಾರೆಂದರೆ ಅದಕ್ಕೆ ಕಾರಣವಿರುತ್ತದೆ. ತುಂಬಿದ ಲಾರಿ ಏರಿನ ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಮೊದಲು ಸೋಲುವುದು ಕ್ಲಚ್ ಪ್ಲೇಟು. ಜೊತೆಗೆ ದೀರ್ಘ ಏರಿನಲ್ಲಿ ಹೊಗೆಯ ಉಷ್ಣತೆ ಹೆಚ್ಚಿ ಟರ್ಬೊ, ಪಿಸ್ಟನ್‌ಗಳಿಗೂ ಪೆಟ್ಟು ಬೀಳುತ್ತದೆ.

ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಮಸಿ ಹಿಡಿಯುವ ಫಿಲ್ಟರ್, ದೊಡ್ಡ ಲಾರಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ, ಇವೆಲ್ಲ ಮೂಲ ಕೋಷ್ಟಕಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತವೆ. ಡೀಸೆಲ್ ಹೆಚ್ಚಿಸಿದರೆ ಮಸಿ ಹೆಚ್ಚುತ್ತದೆ, ಫಿಲ್ಟರ್ ಕಟ್ಟುತ್ತದೆ. ಆಮೇಲೆ ಅದನ್ನೇ ಕಿತ್ತುಹಾಕುವ ಸಲಹೆ ಬರುತ್ತದೆ. ಅಮೆರಿಕದಲ್ಲಿ ಸುಮಾರು ಒಂದು ದಶಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೀಗೆ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತ್ತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ 190ನೇ ಕಲಮಿನ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ವಾರಂಟಿ, ವಿಮೆಯ ತಕರಾರು ಬೇರೆ.

ಇಂಧನ ಉಳಿಯುತ್ತದೆ ಎಂಬುದು ಟ್ಯೂನಿಂಗ್ ಮಾರುವವರ ಮುಖ್ಯ ಮಾತು. ಲೀಟರಿಗೆ 12 ಕಿ.ಮೀ. ಕೊಡುವ ಪಿಕಪ್ ತಿಂಗಳಿಗೆ 2,000 ಕಿ.ಮೀ. ಓಡಿದರೆ ಸುಮಾರು 167 ಲೀಟರ್ ಬೇಕು. ನೂರಕ್ಕೆ ಐದರಷ್ಟು ಉಳಿಯಿತೆಂದರೂ ಎಂಟು ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ ಒಂಬತ್ತು ಸಾವಿರದ ಒಳಗೆ. ಟ್ಯೂನಿಂಗ್‌ಗೆ ಮೂವತ್ತು ಸಾವಿರ ಕೊಟ್ಟವರಿಗೆ ಅಸಲು ಬರಲು ಮೂರು ವರ್ಷ ಮೀರುತ್ತದೆ. ಹೆಚ್ಚಿದ ಶಕ್ತಿಯನ್ನು ಬಳಸಿದರೆ ಆ ಉಳಿತಾಯವೂ ಇಲ್ಲ.

ಏರಿನಲ್ಲಿ ಗಾಡಿ ಸೋತಿತೆಂದು ಬರುವವರಲ್ಲಿ ಅನೇಕರ ಕಾಯಿಲೆಯೇ ಬೇರೆ. ಜಂಬಿಟ್ಟಿಗೆ ಕ್ವಾರಿಯ ಕೆಂಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ನೀರು ನಿಲ್ಲುತ್ತದೆ. ಸಡಿಲವಾದ ಟರ್ಬೊ ಪೈಪಿನಿಂದ ಗಾಳಿ ಸೋರುತ್ತದೆ, ಬ್ರೇಕು ಹಿಡಿದುಕೊಂಡಿರುತ್ತದೆ, ಟೈರಿನಲ್ಲಿ ಗಾಳಿ ಕಡಿಮೆ ಇರುತ್ತದೆ. ಮಿತಿ ಮೀರಿದ ಲೋಡು ಇದ್ದರಂತೂ ಹೇಳುವುದೇ ಬೇಡ; ಅದಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000.

ಕೋಷ್ಟಕ ಬದಲಿಸುವ ಕೆಲಸವನ್ನು ಕೆಲವು ತಯಾರಕರೇ ಗುಂಡಿಯೊಂದಕ್ಕೆ ಇಳಿಸಿದ್ದಾರೆ. 2016ರಲ್ಲಿ ಬಂದ ಮಹೀಂದ್ರಾ ಬ್ಲೇಜೊ ಲಾರಿಯ ಫ್ಯುಯೆಲ್‌ಸ್ಮಾರ್ಟ್ ವ್ಯವಸ್ಥೆಯಲ್ಲಿ ಟರ್ಬೊ, ಹೆವಿ, ಲೈಟ್ ಎಂಬ ಮೂರು ಆಯ್ಕೆಗಳಿವೆ. ಖಾಲಿ ಬರುವಾಗ ಲೈಟ್, ತುಂಬಿ ಹತ್ತುವಾಗ ಟರ್ಬೊ. ಮಾಲಿನ್ಯ ಮಿತಿಯೊಳಗೇ ಇರುವ, ವಾರಂಟಿ ಕೆಡದ ಟ್ಯೂನಿಂಗ್ ಇದು.

ಹಾಗಾಗಿ ಘಟ್ಟದ ಮೇಲಿನ ಸರಕು ವಾಹನಕ್ಕೆ ಹೊರಗಿನ ರೀಮ್ಯಾಪ್ ಲಾಭದ ಬಾಬತ್ತಲ್ಲ. ಕಂಪನಿಯ ಗುಂಡಿ ಇದ್ದರೆ ಅದನ್ನು ಬಳಸುವುದು, ಮಳೆಗಾಲಕ್ಕೆ ಮುಂಚೆ ಫಿಲ್ಟರ್, ಕ್ಲಚ್, ಬ್ರೇಕ್ ನೋಡಿಸುವುದು, ಮುಂದಿನ ಗಾಡಿ ಕೊಳ್ಳುವಾಗ ಅಶ್ವಶಕ್ತಿಗಿಂತ ಮೊದಲು ಗೇರ್ ಮತ್ತು ಆಕ್ಸಲ್ ಅನುಪಾತ ವಿಚಾರಿಸುವುದು ಮಾಲೀಕರಿಗೆ ಲೇಸು.