ಕೈರೋ ನಗರದಿಂದ ಸೋಸಲೆಗೆ

ದೇಶಸಂಚಾರ ಮಾಡಿ ಬಂದವರ ಮಾತಿನಲ್ಲಿ ಈಜಿಪ್ಟಿನ ಹೆಸರು ಬಾರದೆ ಇರುವುದು ಅಪರೂಪ. ಆ ದೇಶದ ರಾಜಧಾನಿಯಾದ ಕೈರೋ ಆಫ್ರಿಕ ಖಂಡದ ಮಹಾನಗರಗಳಲ್ಲಿ ಒಂದು. ಅಲ್ಲಿಗೆ ಹೋದವರು ನೋಡಲೇಬೇಕಾದ ಸ್ಥಳಗಳ ಪಟ್ಟಿ ನಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ನಗರದ ಪಡುವಣ ಅಂಚಿನಲ್ಲಿ ಗೀಜಾದ ಮೂರು ಪಿರಮಿಡ್ಡುಗಳು. ಅವುಗಳ ಸಮೀಪದಲ್ಲೇ ಸಿಂಹದ ಮೈಯೂ ಮನುಷ್ಯನ ಮುಖವೂ ಉಳ್ಳ ಸ್ಫಿಂಕ್ಸ್ ಎಂಬ ಬೃಹದ್ವಿಗ್ರಹ. ಅಲ್ಲಿಂದ ತೆಂಕಣಕ್ಕೆ ಸಕ್ಕಾರಾದ ಮೆಟ್ಟಿಲು ಪಿರಮಿಡ್ಡು. ನಗರದೊಳಗೆ ಸಲಾದೀನನು ಕಟ್ಟಿಸಲು ತೊಡಗಿದ ಕೋಟೆ ಮತ್ತು ಹತ್ತನೆಯ ಶತಮಾನದ ಅಲ್-ಅಜ್‌ಹರ್ ಮಸೀದಿ. ಇವುಗಳ ವರ್ಣನೆ ನಮ್ಮ ಇಂದಿನ ಉದ್ದೇಶವಲ್ಲ. ಕೈರೋವಿನ ನೋಟಗಳಿಂದ ಒಂದು ಪಾಠವನ್ನು ಕಲಿತುಕೊಂಡು, ಆ ಪಾಠದ ಬೆಳಕಿನಲ್ಲಿ ನಮ್ಮ ಮೈಸೂರಿಗೆ ಒಂದು ಹಗಲಿನ ದಾರಿಯಷ್ಟು ಹತ್ತಿರವಿರುವ ಸೋಸಲೆಯ ಸೀಮೆಯನ್ನು ನೋಡಬೇಕೆಂಬುದೇ ನಮ್ಮ ಆಶಯ.

ಆ ಪಾಠವೆಂದರೆ ಮರಳಿನ ಪಾಠ. ಸ್ಫಿಂಕ್ಸ್ ವಿಗ್ರಹವು ಇಂದು ಬುಡದವರೆಗೂ ಕಾಣುತ್ತದೆ. ಆದರೆ ಅದರ ಆಯುಷ್ಯದ ಬಹುಭಾಗ ಅದು ಕತ್ತಿನವರೆಗೆ ಮರಳಿನಲ್ಲಿ ಹೂತುಕೊಂಡೇ ಇತ್ತು. ಸುಮಾರು ಮೂರು ಸಾವಿರದ ನಾನೂರು ವರ್ಷಗಳ ಹಿಂದೆ ನಾಲ್ಕನೆಯ ಥತ್‌ಮೋಸ್ ಎಂಬ ಅರಸನು ತನಗೆ ಬಿದ್ದ ಕನಸಿನ ಕಥೆಯನ್ನು ಅದರ ಮುಂಗಾಲುಗಳ ನಡುವೆ ಶಿಲಾಶಾಸನವಾಗಿ ನಿಲ್ಲಿಸಿದನು. ತನ್ನನ್ನು ಮುತ್ತಿರುವ ಮರಳಿನ ವಿಷಯವಾಗಿ ದೇವರೇ ದೂರಿಕೊಂಡನೆಂಬುದು ಆ ಕಥೆಯ ತಿರುಳು. ಮರಳು ಮತ್ತೆ ಮತ್ತೆ ಕವಿಯಿತು. ೧೮೧೭ರಲ್ಲಿ ಕಾವಿಲ್ಯಾ ಎಂಬ ಇಟಲಿಯವನು ಎದೆಯವರೆಗೆ ತೆಗೆಸಿದನು. ಪೂರ್ತಿಯಾಗಿ ಬಿಡಿಸುವ ಕೆಲಸ ೧೯೨೫ರಿಂದ ೧೯೩೬ರವರೆಗೆ ನಡೆಯಿತು. ಹೀಗೆ ನೋಡಿದರೆ ಮರಳು ಊರುಗಳ ಶತ್ರುವೂ ಹೌದು, ಅವುಗಳ ಕಾವಲುಗಾರನೂ ಹೌದು. ಅದು ಮುಚ್ಚಿದ್ದನ್ನು ಕಳ್ಳನೂ ಕಾಣನು, ಮಳೆಗಾಳಿಯೂ ಸವೆಯಿಸದು.

ಈಗ ಕಾವೇರಿಯ ತೀರಕ್ಕೆ ಬರೋಣ. ತಿರುಮಕೂಡಲು ನರಸೀಪುರದ ಬಳಿಯಲ್ಲಿರುವ ಸೋಸಲೆ ಹೆಸರಿನಲ್ಲಿ ದೊಡ್ಡದು, ಗಾತ್ರದಲ್ಲಿ ಚಿಕ್ಕದು. ವ್ಯಾಸರಾಜರ ಪರಂಪರೆಯ ಮಠಕ್ಕೆ ಈ ಊರಿನ ಹೆಸರೇ ಸೇರಿಕೊಂಡಿದೆ. ವ್ಯಾಸರಾಜರು ಹುಟ್ಟಿದ್ದು ಇಲ್ಲಿಗೆ ದೂರವಲ್ಲದ ಬನ್ನೂರಿನಲ್ಲಿ, ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಎಂಬ ಮೂರು ಗ್ರಂಥಗಳಿಂದ ಅವರು ಪಂಡಿತರ ಲೋಕವನ್ನು ಗೆದ್ದರು. ಕನ್ನಡದಲ್ಲಿ ಹಾಡು ಕಟ್ಟಿ ಪಾಮರರ ಮನಸ್ಸನ್ನೂ ಗೆದ್ದರು. ವಿಜಯನಗರದ ಅರಸರ ಗೌರವವನ್ನು ಪಡೆದು, ೧೫೩೯ರಲ್ಲಿ ದೇಹವನ್ನು ಬಿಟ್ಟ ಅವರ ಬೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಮೂರು ತಲೆಮಾರುಗಳ ಕನ್ನಡ ಮಕ್ಕಳು ಶಾಲೆಯಲ್ಲಿ ಕೈಮುಗಿದು ಹಾಡಿದ ಪ್ರಾರ್ಥನೆಯೊಂದನ್ನು ರಚಿಸಿದ ಆಸ್ಥಾನ ವಿದ್ವಾಂಸ ಅಯ್ಯಾ ಶಾಸ್ತ್ರಿಗಳೂ ಸೋಸಲೆಯವರೇ. ಇಂತಹ ಊರಿನಲ್ಲಿ ಕಣ್ಣಿಗೆ ಬೆರಗು ಹುಟ್ಟಿಸುವ ಕಟ್ಟಡವನ್ನು ಹುಡುಕುವವನಿಗೆ ನಿರಾಶೆಯಾಗಬಹುದು, ಕಿವಿಯುಳ್ಳವನಿಗೆ ಆಗಲಾರದು.

ಸೋಸಲೆಯ ಬಳಿಯಲ್ಲೇ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿಯೆಂದು ಜನರ ನಂಬಿಕೆ. ಸಂಗಮದಲ್ಲಿ ಅಗಸ್ತ್ಯೇಶ್ವರನ ಗುಡಿಯೂ ನರಸೀಪುರದಲ್ಲಿ ಗುಂಜಾ ನರಸಿಂಹನ ಗುಡಿಯೂ ಇವೆ. ಈ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆಯೆಂದೂ, ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಗುಲಗಂಜಿಯ ತೂಕದಷ್ಟು ಹೆಚ್ಚೆಂದೂ ಹೇಳುತ್ತಾರೆ. ಕಾಶಿಯನ್ನು ಅಲ್ಲಗಳೆಯದೆ ತನ್ನ ಊರನ್ನು ಮೇಲಿಡುವ ಈ ಲೆಕ್ಕಾಚಾರದಲ್ಲಿ ನಮ್ಮ ಜನರ ವಿನಯವೂ ಜಾಣತನವೂ ಒಟ್ಟಿಗೆ ಕಾಣುತ್ತವೆ. ೧೯೮೯ರಿಂದ ಮೂರು ವರ್ಷಗಳಿಗೊಮ್ಮೆ ಇಲ್ಲಿ ಕುಂಭಮೇಳವನ್ನು ನಡೆಸುವ ಪದ್ಧತಿ ಮೊದಲಾಯಿತು.

ಯಾತ್ರಿಕರು ಮಿಂದು ಹೋಗುವ ಈ ನೆಲಕ್ಕೆ ಪುರಾಣಕ್ಕೂ ಹಿಂದಿನ ಚರಿತ್ರೆಯೊಂದಿದೆ. ೧೯೬೦ರ ಆಸುಪಾಸಿನಲ್ಲಿ ಡಾಕ್ಟರ್ ಎಂ. ಶೇಷಾದ್ರಿಯವರು ನರಸೀಪುರದಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದ ಜನರು ಇಲ್ಲಿ ನೆಲೆಸಿದ್ದರೆಂಬುದು ತಿಳಿಯಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ಒಂದು. ಕೈರೋವಿಗೆ ಹೋದವರು ೧೯೨೨ರಲ್ಲಿ ಬಯಲಾದ ತುತನ್‌ಖಾಮನ್ ದೊರೆಯ ಸಮಾಧಿಯ ಐಶ್ವರ್ಯದ ನಡುವೆ ದಂತ ಮೊದಲಾದುವುಗಳಿಂದ ಮಾಡಿದ ತಲೆದಿಂಬುಗಳನ್ನು ಕಂಡಿರಬಹುದು. ಎರಡನ್ನೂ ನೆನೆದಾಗ ಮನಸ್ಸು ಸಾಗರವನ್ನು ಹಾರಲು ಹವಣಿಸುತ್ತದೆ. ಆದರೆ ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಲಗಾಮು ಹಿಡಿಯಬೇಕು. ಮಲಗುವವನಿಗೆ ಎಲ್ಲ ದೇಶಗಳಲ್ಲಿಯೂ ತಲೆ ಒಂದೇ. ಹೋಲಿಕೆ ಕಂಡ ಮಾತ್ರಕ್ಕೆ ನಂಟು ಸಿದ್ಧವಾಗುವುದಿಲ್ಲ. ಆಫ್ರಿಕದ ನಿಜವಾದ ನಂಟು ಬೇಕಾದರೆ ಮ್ಯೂಸಿಯಮ್ಮಿಗೆ ಹೋಗುವ ಅಗತ್ಯವಿಲ್ಲ. ಈ ಸೀಮೆಯ ಯಾವ ಮನೆಯಲ್ಲಿಯಾದರೂ ಊಟಕ್ಕೆ ಕುಳಿತರೆ ಸಾಕು. ನಮ್ಮ ಮುದ್ದೆಯ ರಾಗಿಯನ್ನು ಮೊದಲು ಬೆಳೆಗೆ ತಂದವರು ಪೂರ್ವ ಆಫ್ರಿಕದ ಎತ್ತರದ ನಾಡಿನವರೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ.

ಬನ್ನೂರಿಗೆ ಸಮೀಪದಲ್ಲೇ ಇರುವ ಸೋಮನಾಥಪುರವನ್ನು ನೋಡದವರು ನಮ್ಮ ಓದುಗರಲ್ಲಿ ವಿರಳ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನು ಅಗ್ರಹಾರವನ್ನು ಬಿಟ್ಟು, ೧೨೫೮ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಮೂರು ಗರ್ಭಗೃಹಗಳು, ನಕ್ಷತ್ರಾಕಾರದ ತಳವಿನ್ಯಾಸ, ಸುತ್ತಲೂ ಕೈಸಾಲೆ. ಕಲ್ಲಿನ ಮೇಲೆ ಮಲ್ಲಿತಮ್ಮನೇ ಮೊದಲಾದ ರೂವಾರಿಗಳ ಹೆಸರುಗಳು. ಪಿರಮಿಡ್ಡನ್ನು ಕಟ್ಟಿದ ಕೈಗಳ ಪೈಕಿ ಎಷ್ಟರ ಹೆಸರು ಲೋಕದ ನಾಲಿಗೆಯ ಮೇಲಿದೆ? ನಮ್ಮ ಶಿಲ್ಪಿ ಮಾತ್ರ ತಾನು ಕೆತ್ತಿದ ದೇವರ ಪಾದದ ಕೆಳಗೆ ತನ್ನ ಹೆಸರನ್ನೂ ಕೆತ್ತಿ ಉಳಿದಿದ್ದಾನೆ. ೨೦೨೩ರಲ್ಲಿ ಬೇಲೂರು ಹಳೆಬೀಡುಗಳ ಜೊತೆಯಲ್ಲಿ ಈ ಗುಡಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಮೂಲ ಕೇಶವವಿಗ್ರಹ ಇಂದು ಅಲ್ಲಿಲ್ಲ. ಬಯಲಿನಲ್ಲಿ ನಿಂತ ಗುಡಿಗೆ ಮರಳಿನ ಕಾವಲು ಇರಲಿಲ್ಲವಷ್ಟೆ.

ಆ ಕಾವಲಿದ್ದ ಊರು ತಲಕಾಡು. ಮುಡುಕುತೊರೆಯ ಬೆಟ್ಟದ ಮಲ್ಲಿಕಾರ್ಜುನನನ್ನು ಕಂಡು ಮುಂದೆ ಹೋದರೆ ನೆಲದ ಬಣ್ಣ ಬದಲಾಗುತ್ತದೆ. ಗದ್ದೆಯ ಹಸುರು ನಿಂತು ಮರಳಿನ ದಿಣ್ಣೆಗಳು ಏಳುತ್ತವೆ. ಇದು ಗಂಗರ ರಾಜಧಾನಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ಕೈಸೇರಿ ರಾಜರಾಜಪುರವಾಯಿತು. ೧೧೧೬ರ ಸುಮಾರಿಗೆ ವಿಷ್ಣುವರ್ಧನನು ಅವರನ್ನು ಓಡಿಸಿ, 'ತಲಕಾಡುಗೊಂಡ' ಎಂಬ ಬಿರುದನ್ನು ಧರಿಸಿ, ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದನು. ಆ ಕೀರ್ತಿನಾರಾಯಣನ ಗುಡಿಗೆ ಹೋಗಬೇಕಾದರೆ ಇಂದು ಮೆಟ್ಟಿಲು ಹತ್ತುವುದಲ್ಲ, ಇಳಿಯುವುದು! ಪಾತಾಳೇಶ್ವರ, ಮರುಳೇಶ್ವರರ ಗುಡಿಗಳೂ ಹಾಗೆಯೇ ತಗ್ಗಿನಲ್ಲಿವೆ. ಕಾರ್ತಿಕ ಮಾಸದ ವಿಶೇಷ ಯೋಗ ಒದಗಿದಾಗ ನಡೆಯುವ ಪಂಚಲಿಂಗದರ್ಶನಕ್ಕೆ ೨೦೧೩ರಲ್ಲಿ, ಅನಂತರ ೨೦೨೦ರಲ್ಲಿ ಜನ ಸೇರಿದರು.

ಈ ಮರಳು ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ಮಕ್ಕಳಿಗೂ ಗೊತ್ತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡರು. ವಿಜಯನಗರದ ಪ್ರತಿನಿಧಿ ತಿರುಮಲರಾಯನ ಪತ್ನಿ ಅಲಮೇಲಮ್ಮನು ತನ್ನ ಒಡವೆಗಳಿಗಾಗಿ ಬೆನ್ನಟ್ಟಿ ಬಂದವರನ್ನು ಕಂಡು, ತಲಕಾಡಿಗೆ ಮರಳನ್ನೂ, ಮಾಲಂಗಿಗೆ ಮಡುವನ್ನೂ, ಮೈಸೂರು ದೊರೆಗಳಿಗೆ ಸಂತಾನಹೀನತೆಯನ್ನೂ ಶಪಿಸಿ ನದಿಗೆ ಬಿದ್ದಳೆಂಬುದು ಆ ಕಥೆ. ಒಬ್ಬ ಹೆಣ್ಣುಮಗಳ ಸಂಕಟವನ್ನು ನಾನೂರು ವರ್ಷ ಮರೆಯದ ಜನರ ನೆನಪಿಗೆ ನಾವು ತಲೆಬಾಗುತ್ತೇವೆ. ಆದರೂ ವಿಚಾರ ಅಲ್ಲಿಗೇ ನಿಲ್ಲಬಾರದು.

ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅಧಿಕಾರಿಯಾದ ಮಾಧವಮಂತ್ರಿಯು ತಲಕಾಡಿನ ಬಳಿ ಕಾವೇರಿಗೆ ಕಟ್ಟೆ ಕಟ್ಟಿಸಿದನೆಂದು ಪ್ರತೀತಿ. ಇಂದಿಗೂ ಅದು ಮಾಧವಮಂತ್ರಿ ಕಟ್ಟೆಯೇ. ಈಚೆಗೆ ಈ ಪ್ರಶ್ನೆಯನ್ನು ಶೋಧಿಸಿದ ವಿಜ್ಞಾನಿ ಡಾಕ್ಟರ್ ಕೆ. ಎನ್. ಗಣೇಶಯ್ಯನವರ ಅಭಿಪ್ರಾಯದಲ್ಲಿ, ಆ ಕಟ್ಟೆಯಿಂದ ನದಿಯ ಹರಿವು ಬದಲಾಗಿ ಪಾತ್ರದ ಮರಳು ಬಿಸಿಲಿಗೆ ತೆರೆದುಕೊಂಡಿತು. ನದಿ ತಿರುವು ತೆಗೆದುಕೊಳ್ಳುವ ಆ ಜಾಗದಲ್ಲಿ ಗಾಳಿಯು ವರ್ಷವರ್ಷವೂ ಅದನ್ನು ಊರಿನ ಮೇಲೆ ಹೊತ್ತು ಹಾಕಿತು. ಶಾಪದ ಕಥೆಯು ಆಗಲೇ ಮೊದಲಾಗಿದ್ದ ಅನರ್ಥಕ್ಕೆ ಆಮೇಲೆ ದೊರೆತ ವಿವರಣೆ. ಈ ಮಾತನ್ನು ಒಪ್ಪುವುದಾದರೆ ಗದ್ದೆಗೆ ನೀರು ತಂದ ಕೈಯೇ ಗುಡಿಗೆ ಮರಳು ತಂದಿತು.

ಒಮ್ಮೆ ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಈ ವಾದವನ್ನು ಸ್ವಲ್ಪ ಆವೇಶದಿಂದಲೇ ವಿವರಿಸುತ್ತಿದ್ದೆವು. ಬದಿಯಲ್ಲಿ ನಿಂತು ಕೇಳುತ್ತಿದ್ದ ಮುದುಕ ರೈತರೊಬ್ಬರು, 'ಮರಳು ಯಾರ ಶಾಪವೋ ನಾ ಕಾಣೆ ಸ್ವಾಮಿ. ಅನ್ನ ಮಾತ್ರ ಕಟ್ಟೆಯದು' ಎಂದರು. ನಮ್ಮ ಪಾಂಡಿತ್ಯಕ್ಕೆ ಅದಕ್ಕಿಂತ ತಕ್ಕ ತಿದ್ದುಪಡಿ ಬೇಕಾಗಿರಲಿಲ್ಲ. ಮಾಧವಮಂತ್ರಿಯನ್ನು ದೂಷಿಸಲು ಹೊರಟಿದ್ದ ನಾವು ಸುಮ್ಮನಾದೆವು.

ನೈಲ್ ನದಿಯ ದಡದವರೂ ಈ ಇಕ್ಕಟ್ಟನ್ನು ಕಂಡವರೇ. ೧೯೭೦ರಲ್ಲಿ ಪೂರ್ತಿಗೊಂಡ ಆಸ್ವಾನ್ ಮಹಾ ಅಣೆಕಟ್ಟಿನ ನೀರಿನಲ್ಲಿ ಅಬು ಸಿಂಬೆಲ್ ಗುಡಿಗಳು ಮುಳುಗಬೇಕಾಗಿತ್ತು. ಆದರೆ ನೀರು ಏರುವುದಕ್ಕೆ ಮುಂಚೆಯೇ ಲೆಕ್ಕ ಹಾಕಿ, ೧೯೬೪ರಿಂದ ೧೯೬೮ರವರೆಗೆ ಹಲವು ದೇಶಗಳ ನೆರವಿನಿಂದ ಅವನ್ನು ತುಂಡುತುಂಡಾಗಿ ಕೊಯ್ದು, ಮೇಲಿನ ನೆಲದಲ್ಲಿ ಜೋಡಿಸಿದರು. ಮಾಧವಮಂತ್ರಿಯ ಕಾಲಕ್ಕೆ ಅಂತಹ ಲೆಕ್ಕ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಆದಕಾರಣ ನದಿಯ ವಿಷಯದಲ್ಲಿ ನಾವು ಮಾಡುವ ತಪ್ಪಿಗೆ ಯಾರ ಶಾಪವನ್ನೂ ಹೊಣೆ ಮಾಡುವಂತಿಲ್ಲ.

ಸೋಸಲೆಯ ಸೀಮೆಗೆ ಹೋಗುವವರಲ್ಲಿ ನಮ್ಮದು ಒಂದೇ ಬಿನ್ನಹ. ಸಂಗಮದಲ್ಲಿ ಮೀಯಿರಿ, ಸೋಮನಾಥಪುರದ ಭಿತ್ತಿಗಳನ್ನು ಕಣ್ತುಂಬ ನೋಡಿರಿ, ಕೀರ್ತಿನಾರಾಯಣನ ಬಳಿಗೆ ಇಳಿಯಿರಿ. ಹಿಂದಿರುಗುವ ಮುನ್ನ ಮಾಧವಮಂತ್ರಿ ಕಟ್ಟೆಯ ಮೇಲೆಯೂ ಸ್ವಲ್ಪ ಹೊತ್ತು ನಿಲ್ಲಿರಿ. ಅಲ್ಲಿ ಶಿಲ್ಪವಿಲ್ಲ, ಪೂಜಾರಿಯಿಲ್ಲ. ಒಂದು ಕಡೆಗೆ ಭತ್ತದ ಗದ್ದೆ, ಇನ್ನೊಂದು ಕಡೆಗೆ ಮರಳು. ಈ ಸೀಮೆಯ ಚರಿತ್ರೆಯನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಸ್ಥಳ ಇನ್ನೊಂದಿಲ್ಲ.