ಚಿತ್ರದುರ್ಗ ಸೀಮೆಯ ಮೊಬೈಲ್ ಬ್ರಾಡ್‌ಬ್ಯಾಂಡ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ 2ಜಿಯಿಂದ 5ಜಿವರೆಗೆ ಮೊಬೈಲ್ ಅಂತರಜಾಲ ಹರಡಿದ ಬಗೆ, ಘೋಷಿತ ವೇಗಕ್ಕೂ ಬಳಕೆದಾರರ ಕೈಗೆ ಸಿಕ್ಕ ವೇಗಕ್ಕೂ ಇರುವ ಅಂತರ ಈ ಲೇಖನದ ವಿಷಯ.

ಈ ಸೀಮೆಯ ದೂರವಾಣಿ ನಕ್ಷೆ ಮೊಬೈಲಿಗಿಂತ ಹಳೆಯದು. ಎಸ್‌ಟಿಡಿ ಸಂಕೇತ ಹೊಳಲ್ಕೆರೆಗೆ 08191, ಹಿರಿಯೂರಿಗೆ 08193, ಚಿತ್ರದುರ್ಗಕ್ಕೆ 08194, ಹೊಸದುರ್ಗಕ್ಕೆ 08199. ನಡುವಿನ 08192 ದಾವಣಗೆರೆಯದು. 1997ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾದರೂ ಸಂಕೇತಗಳು ಅವಿಭಜಿತ ಜಿಲ್ಲೆಯವೇ ಆಗಿ ಉಳಿದವು. ಇಂಥ ಒಂದೊಂದು ಸಂಕೇತದ ವ್ಯಾಪ್ತಿಗೆ ದೂರಸಂಪರ್ಕ ಇಲಾಖೆಯ ಕಡತಗಳಲ್ಲಿ ಎಸ್‌ಡಿಸಿಎ ಎಂದು ಹೆಸರು. ಮುಂದೆ ತರಂಗಾಂತರ ಹರಾಜಿನ ಷರತ್ತುಗಳಲ್ಲಿ ಈ ಹೆಸರೇ ದೊಡ್ಡ ಪಾತ್ರ ವಹಿಸಿತು.

ನೆಲದ ಲಕ್ಷಣವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದು ಹೋಗುತ್ತದೆ. ಹೊಳಲ್ಕೆರೆ, ಹೊಸದುರ್ಗಗಳು ಅದರ ಪಶ್ಚಿಮಕ್ಕಿವೆ. ನಡುವೆ ಜೋಗಿಮಟ್ಟಿಯ ಬೆಟ್ಟಸಾಲು, ವಾಣಿವಿಲಾಸ ಸಾಗರದ ಮಾರಿಕಣಿವೆ ಗುಡ್ಡಗಳು. ಹೊಸದುರ್ಗ, ಹೊಳಲ್ಕೆರೆ ಕಡೆ ತೆಂಗು, ಅಡಿಕೆ ತೋಟಗಳು. 900 ಮೆಗಾಹರ್ಟ್ಸ್‌ನ ಅಲೆ ಇವನ್ನೆಲ್ಲ ಒಂದಿಷ್ಟು ದಾಟಿಕೊಂಡು ಹೋಗಬಲ್ಲದು. 2100, 2300ರ ಅಲೆಗಳಿಗೆ ಆ ಕಸುವು ಕಡಿಮೆ. ಗುಡ್ಡದ ಮರೆಯಲ್ಲಿ ಅವು ಬೇಗ ಸೊರಗುತ್ತವೆ.

ಬಿಎಸ್‌ಎನ್‌ಎಲ್ 2002ರಲ್ಲಿ ಮೊಬೈಲ್ ಸೇವೆಗೆ ಇಳಿಯಿತು. ಆಗಿನ ಟವರುಗಳು ಮಾತಿಗಾಗಿ ಕಟ್ಟಿದವು. ಜಿಪಿಆರ್‌ಎಸ್, ಎಡ್ಜ್ ಎಂಬ ಡೇಟಾ ಸೌಲಭ್ಯ ಆಮೇಲೆ ಸೇರಿದ್ದು. ಸರ್ಕಾರ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದಿತ್ತು. ಎಡ್ಜ್ ಬಹುಮಟ್ಟಿಗೆ ಆ ಗೆರೆಯ ಕೆಳಗೇ ಉಳಿಯಿತು. 2013ರಲ್ಲಿ ಗೆರೆ 512ಕ್ಕೆ, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು.

3ಜಿಯನ್ನು ಬಿಎಸ್‌ಎನ್‌ಎಲ್ 2009ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಆರಂಭಿಸಿತು. ಕರ್ನಾಟಕಕ್ಕೂ ಅದನ್ನು ಮೊದಲು ತಂದದ್ದು ಅದೇ ಸಂಸ್ಥೆ. ಖಾಸಗಿಯವರಿಗೆ ಹರಾಜು ನಡೆದದ್ದು 2010ರ ಏಪ್ರಿಲ್–ಮೇ ತಿಂಗಳಲ್ಲಿ. ಕರ್ನಾಟಕ ವಲಯದ ತರಂಗಾಂತರ ಏರ್‌ಟೆಲ್, ಏರ್‌ಸೆಲ್, ಟಾಟಾ ಕಂಪನಿಗಳ ಪಾಲಾಯಿತು. ತಲಾ ಬೆಲೆ ಸುಮಾರು 1,580 ಕೋಟಿ ರೂಪಾಯಿ. ಇಷ್ಟು ಹಣ ಕಟ್ಟಿದವರು ಎಲ್ಲೆಲ್ಲಿ ಸೇವೆ ಕೊಡಲೇಬೇಕು? ಷರತ್ತನ್ನು ಓದಿದರೆ ಈ ಸೀಮೆಯ ಕಥೆ ಅರ್ಧ ತಿಳಿಯುತ್ತದೆ. ಐದು ವರ್ಷಗಳಲ್ಲಿ ವಲಯದ ಅರ್ಧದಷ್ಟು ಜಿಲ್ಲಾ ಕೇಂದ್ರಗಳನ್ನು ಮುಟ್ಟಿದರೆ ಸಾಕಿತ್ತು. ಜಿಲ್ಲಾ ಕೇಂದ್ರದ ಬದಲು ಅದೇ ಜಿಲ್ಲೆಯ ಬೇರೊಂದು ಪಟ್ಟಣವನ್ನೂ ತೋರಿಸಬಹುದಿತ್ತು. ಚಿತ್ರದುರ್ಗ ನಗರವೇ ಕಡ್ಡಾಯವಲ್ಲದ ಮೇಲೆ ಹೊಸದುರ್ಗದ ಮಾತೆಲ್ಲಿ? ಅದೇ ವರ್ಷದ ನಿಸ್ತಂತು ಬ್ರಾಡ್‌ಬ್ಯಾಂಡ್ ಹರಾಜಿನಲ್ಲಿ ಗ್ರಾಮೀಣ ಎಸ್‌ಡಿಸಿಎಗಳ ಅರ್ಧವನ್ನು ಮುಟ್ಟಬೇಕೆಂಬ ಷರತ್ತಿತ್ತು. ಕೇಳಲು ಉದಾರ. ಆದರೆ ಒಂದು ಎಸ್‌ಡಿಸಿಎ ಮುಟ್ಟಿದಂತೆ ಎಂದರೆ ಅಲ್ಲಿನ ಪುರಸಭೆ ಅಥವಾ ಸ್ಥಳೀಯ ಸಂಸ್ಥೆಯ ಎಲ್ಲೆಯೊಳಗೆ ಶೇ. 90ರಷ್ಟು ಜಾಗದಲ್ಲಿ, ಅದೂ ಬೀದಿಮಟ್ಟದಲ್ಲಿ, ಸಿಗ್ನಲ್ ಇರುವುದು. ಪಟ್ಟಣದ ಆಚೆಯ ಹಳ್ಳಿಗಳು ಈ ಲೆಕ್ಕದಲ್ಲಿ ಇರಲೇ ಇಲ್ಲ.

ವೇಗದ ಲೆಕ್ಕವೂ ಹೀಗೇ. 3ಜಿ ಜಾಹೀರಾತುಗಳಲ್ಲಿ 21 ಎಂಬಿಪಿಎಸ್ ‘ವರೆಗೆ’ ಎಂದಿರುತ್ತಿತ್ತು. ಇದು ಒಬ್ಬ ಗ್ರಾಹಕನ ಪಾಲಲ್ಲ. ಟವರಿನ ಒಂದು ದಿಕ್ಕಿನಲ್ಲಿರುವ ಎಲ್ಲರೂ ಹಂಚಿಕೊಳ್ಳುವ ಮೊತ್ತ. ಇಪ್ಪತ್ತು ಜನ ಒಟ್ಟಿಗೆ ವಿಡಿಯೊ ಇಳಿಸಿಕೊಳ್ಳಲು ಕೂತರೆ ತಲೆಗೆ ಒಂದು ಎಂಬಿಪಿಎಸ್. ಟವರ್ ದೂರವಾದಷ್ಟೂ ಅದೂ ಕರಗುತ್ತದೆ. ಇನ್ನೊಂದು ಅಡಚಣೆ ಟವರಿನ ಹಿಂಬದಿಯದು. ಮಾತಿಗಾಗಿ ಕಟ್ಟಿದ ಟವರುಗಳನ್ನು ವಿನಿಮಯ ಕೇಂದ್ರಕ್ಕೆ ಜೋಡಿಸಿದ್ದು 2 ಎಂಬಿಪಿಎಸ್ ಸಾಮರ್ಥ್ಯದ ಇ1 ಸಂಪರ್ಕಗಳಿಂದ. ಅಂಥ ನಾಲ್ಕು ಸಂಪರ್ಕ ಕೊಟ್ಟರೂ ಇಡೀ ಟವರಿಗೆ 8 ಎಂಬಿಪಿಎಸ್. ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿ ‘3ಜಿ’ ಎಂದು ತೋರಿಸುತ್ತ ಪುಟ ಮಾತ್ರ ತೆರೆಯದಿರುವುದಕ್ಕೆ ಬಹಳ ಸಲ ಕಾರಣ ಇದೇ. ಗ್ರಾಹಕರ ಗೊಂದಲಕ್ಕೆ ಬಿಟ್–ಬೈಟ್ ವ್ಯತ್ಯಾಸವೂ ಸೇರಿತು: ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ, ಪೂರ್ತಿ 21 ಎಂಬಿಪಿಎಸ್ ಬಂದರೂ ಡೌನ್‌ಲೋಡ್ ಕಿಟಕಿ ತೋರಿಸುವುದು ಸೆಕೆಂಡಿಗೆ ಸುಮಾರು 2.6 ಮೆಗಾಬೈಟ್.

ಏರ್‌ಟೆಲ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 4ಜಿ ತೆರೆದಾಗ ಅದು ಡಾಂಗಲ್ ಮತ್ತು ಮನೆಯ ರೌಟರುಗಳ ಸೇವೆಯಾಗಿತ್ತು. ಸಣ್ಣ ಊರುಗಳ ಮಟ್ಟಿಗೆ 4ಜಿಯ ನಿಜವಾದ ಆರಂಭ 2016ರ ಸೆಪ್ಟೆಂಬರ್ 5, ಜಿಯೊ ಬಂದ ದಿನ. ಜಿಯೊಗೆ ಹೊರಬೇಕಾದ ಹಳೆಯ 2ಜಿ ಜಾಲ ಇರಲಿಲ್ಲ. ಜೊತೆಗೆ ದೂರ ಹೋಗುವ 850 ಮೆಗಾಹರ್ಟ್ಸ್ ಇತ್ತು. ತಾಂತ್ರಿಕವಾಗಿ ಅದೇ ಅದರ ಬಲ. ಉಚಿತ ಡೇಟಾ ಉಳಿದದ್ದನ್ನು ಮಾಡಿತು. ಆದರೆ ಜನ ತುಂಬಿದಂತೆ ವೇಗ ಇಳಿಯಿತು. 10 ಮೆಗಾಹರ್ಟ್ಸ್‌ನ 4ಜಿ ಕೊಡಬಲ್ಲ ಗರಿಷ್ಠ ಸುಮಾರು 75 ಎಂಬಿಪಿಎಸ್, ಅದೂ ಎಲ್ಲರ ನಡುವೆ ಹಂಚಿಕೆಯಾಗಬೇಕು. 2010ರಲ್ಲಿ ಕರ್ನಾಟಕದ 3ಜಿ ಗೆದ್ದ ಮೂವರಲ್ಲಿ ಏರ್‌ಸೆಲ್ 2018ರಲ್ಲಿ ದಿವಾಳಿಯೆದ್ದಿತು, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ನಲ್ಲಿ ಲೀನವಾಯಿತು. ಏರ್‌ಟೆಲ್ ಕೂಡ 2020ರ ಹೊತ್ತಿಗೆ 3ಜಿಯನ್ನು ಮುಚ್ಚಿತು.

2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾಯಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 5ಜಿ ಮಾನದಂಡ ಎರಡು ಅಂಕಿಗಳನ್ನು ಹೇಳುತ್ತದೆ: ಗರಿಷ್ಠ 20 ಜಿಬಿಪಿಎಸ್, ಬಳಕೆದಾರನಿಗೆ ದಕ್ಕಬೇಕಾದದ್ದು 100 ಎಂಬಿಪಿಎಸ್. ಭಾಷಣಗಳಲ್ಲಿ ಮೊದಲನೆಯದು ಕೇಳಿಬರುವುದೇ ಹೆಚ್ಚು; ತಾಲ್ಲೂಕಿನ ನಿರೀಕ್ಷೆ ಎರಡನೆಯದರಿಂದ ಆರಂಭವಾದರೆ ಕ್ಷೇಮ. ಹೆಚ್ಚಿನ ವೇಗ ಕೊಡುವ 3300 ಮೆಗಾಹರ್ಟ್ಸ್ ಪಟ್ಟಿಯ ಅಲೆ ದೂರ ಹೋಗದು. ದೂರ ಹೋಗುವ 700ರಲ್ಲಿ ಜಿಯೊ ಕೊಂಡದ್ದು 10 ಮೆಗಾಹರ್ಟ್ಸ್; ಅಷ್ಟರಲ್ಲಿ ದೊರೆಯುವ ವೇಗ ಒಳ್ಳೆಯ 4ಜಿಗಿಂತ ತೀರಾ ಬೇರೆಯಲ್ಲ. ಫೋನಿನ ಮೂಲೆಯ ‘5ಜಿ’ ಅಕ್ಷರ ಇವೆರಡರಲ್ಲಿ ಯಾವುದೆಂದು ಹೇಳುವುದಿಲ್ಲ.

ಹಳ್ಳಿಗಳನ್ನು ಹಳ್ಳಿಗಳಾಗಿಯೇ ಎಣಿಸಿದ ದೊಡ್ಡ ಯೋಜನೆ ತಡವಾಗಿ ಬಂತು. ದೇಶದ 24,680 ವಂಚಿತ ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಮಂಜೂರು ಮಾಡಿ ಬಿಎಸ್‌ಎನ್‌ಎಲ್‌ಗೆ ವಹಿಸಿತು. ಆ ಸಂಸ್ಥೆಯ ದೇಶೀಯ 4ಜಿ ಜಾಲದ ಔಪಚಾರಿಕ ಉದ್ಘಾಟನೆ ನಡೆದದ್ದು 2025ರ ಸೆಪ್ಟೆಂಬರ್ 27ರಂದು. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳು ಹೇಳುತ್ತವೆ. ನಕ್ಷೆಯಲ್ಲಿ ಕಾಣುವುದು ಸಿಗ್ನಲ್ ಮುಟ್ಟುವ ಜಾಗ. ಸಂಜೆ ಹೊತ್ತಿನ ವೇಗ ತಿಳಿಯಲು ಬಳಕೆದಾರರು ಟ್ರಾಯ್ 2016ರಲ್ಲಿ ತಂದ ಮೈಸ್ಪೀಡ್ ಆ್ಯಪ್‌ನಿಂದ ತಾವೇ ಅಳೆದುಕೊಳ್ಳಬಹುದು.